ಗೋವುಗಳ ಕ್ಷಯವೂ ಕೊಟ್ಟಿಗೆಯ ರಕ್ಷಣೆಯೂ

ಮೇವು ತಿಂದು, ಮೆಲುಕು ಹಾಕುತ್ತ, ಹೊತ್ತಿಗೆ ಸರಿಯಾಗಿ ಹಾಲು ಕರೆಯುವ ಹಸುವನ್ನು ರೋಗಿಯೆಂದು ಯಾರೂ ಬಗೆಯಲಾರರು. ಆದರೆ ದನಗಳ ಕ್ಷಯದ ಕುಟಿಲತೆಯೆಲ್ಲ ಅಡಗಿರುವುದು ಈ ಆರೋಗ್ಯದ ತೋರಿಕೆಯಲ್ಲಿಯೇ. ಮೈಕೊಬ್ಯಾಕ್ಟೀರಿಯಂ ಬೋವಿಸ್ ಎಂಬ ದಂಡಾಣುವು ಬಹುಮಟ್ಟಿಗೆ ಉಸಿರಿನೊಡನೆ ಒಳಹೊಕ್ಕು, ಶ್ವಾಸಕೋಶದಲ್ಲಿಯೂ ದುಗ್ಧರಸ ಗ್ರಂಥಿಗಳಲ್ಲಿಯೂ ಸಣ್ಣ ಗಂಟುಗಳನ್ನು ಕಟ್ಟಿಕೊಂಡು, ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಯಾವ ಚಿಹ್ನೆಯನ್ನೂ ತೋರದೆ ಇರಬಲ್ಲುದು. ಕೆಮ್ಮು ಕೇಳಿಸಿ, ಮೈ ಬಡಕಲಾಗಿ, ಹಾಲು ಕುಗ್ಗುವ ಹೊತ್ತಿಗೆ, ಅದೇ ಗೋದಲಿಗೆ ಮೂತಿಯಿಟ್ಟು ಮೇಯ್ದ ನೆರೆಯ ದನಗಳಿಗೂ ರೋಗವು ದಾಟಿರುವುದುಂಟು.

ಇಂತಹ ಮರೆಯ ರೋಗವನ್ನು ಬಯಲಿಗೆಳೆಯುವ ಸಾಧನವು ದೊರೆತದ್ದು ಒಂದು ವೈಫಲ್ಯದಿಂದ. 1882ರಲ್ಲಿ ಕ್ಷಯದ ದಂಡಾಣುವನ್ನು ಕಂಡುಹಿಡಿದ ರಾಬರ್ಟ್ ಕೋಕ್, 1890ರಲ್ಲಿ ಅದೇ ದಂಡಾಣುಗಳ ಸಾರವಾದ ಟ್ಯೂಬರ್ಕ್ಯುಲಿನ್ನನ್ನು ಔಷಧವೆಂದು ಮುಂದಿಟ್ಟನು. ಔಷಧವಾಗಿ ಅದು ನಿಷ್ಫಲವಾಯಿತು, ಆದರೆ ರೋಗ ಸೋಂಕಿದ ದೇಹವು ಅದಕ್ಕೆ ಕೆರಳುವುದೆಂಬ ಸಂಗತಿಯು ಪಶುವೈದ್ಯರಿಗೆ ವರವಾಯಿತು. ಇಂದಿನ ತುಲನಾತ್ಮಕ ಪರೀಕ್ಷೆಯಲ್ಲಿ ಹಸುವಿನ ಕುತ್ತಿಗೆಯ ಎರಡೆಡೆ ಕೂದಲು ತೆಗೆದು, ಚರ್ಮದ ಮಡಿಕೆಯ ದಪ್ಪವನ್ನು ಅಳೆದು, ಒಂದೆಡೆ ಗೋಕ್ಷಯದ, ಇನ್ನೊಂದೆಡೆ ಪಕ್ಷಿಕ್ಷಯದ ಟ್ಯೂಬರ್ಕ್ಯುಲಿನ್ನನ್ನು ಚರ್ಮದೊಳಕ್ಕೆ ಚುಚ್ಚುತ್ತಾರೆ. 72 ಗಂಟೆಗಳ ತರುವಾಯ ಮತ್ತೆ ಅಳೆದಾಗ, ಮೊದಲನೆಯ ಬಾವು ಎರಡನೆಯದಕ್ಕಿಂತ 4 ಮಿಲಿಮೀಟರಿಗೂ ಹೆಚ್ಚಾಗಿದ್ದರೆ ಆ ಹಸು ರೋಗಗ್ರಸ್ತವೆಂದು ನಿರ್ಣಯ. ಪಕ್ಷಿಕ್ಷಯದ ಚುಚ್ಚುಮದ್ದು ಏಕೆಂದರೆ, ಮಣ್ಣುನೀರುಗಳಲ್ಲಿರುವ ನಿರಪಾಯಕರ ಬಂಧುಜೀವಿಗಳಿಂದಲೂ ಚರ್ಮವು ಅಷ್ಟಿಷ್ಟು ಕೆರಳುವುದುಂಟು; ಆ ಕೆರಳಿಕೆಯನ್ನು ಬೇರ್ಪಡಿಸಿ ನೋಡಲು ಈ ಹೋಲಿಕೆ ಬೇಕು. ಈ ಪರೀಕ್ಷೆಯೂ ಸರ್ವಜ್ಞವಲ್ಲ: ರೋಗವು ತೀರ ಬಲಿತ ಹಸುವಿನಲ್ಲಿ ಬಾವೇ ಏಳದಿರಬಹುದು, ಆದುದರಿಂದ ಒಮ್ಮೆ ಮಾಡಿ ಕೈತೊಳೆದುಕೊಳ್ಳದೆ ಮತ್ತೆ ಮತ್ತೆ ಮಾಡತಕ್ಕದ್ದು.

ರೋಗಿ ಗೊತ್ತಾದ ಮೇಲೆ ಮಾಡತಕ್ಕದ್ದೇನು? ಅಮೆರಿಕವು 1917ರಲ್ಲಿ ಆರಂಭಿಸಿದ ಅಭಿಯಾನದಲ್ಲಿ ಅಂತಹ ದನಗಳನ್ನು ವಧಿಸಿ ಒಡೆಯರಿಗೆ ಪರಿಹಾರ ಕೊಟ್ಟಿತು. ಅದಕ್ಕೂ ಮೊದಲೇ, 1892ರ ಸುಮಾರಿನಿಂದ, ಡೆನ್ಮಾರ್ಕಿನ ಪಶುವೈದ್ಯ ಬೆರ್ನ್‌ಹಾರ್ಡ್ ಬಾಂಗ್ ಬೇರೊಂದು ದಾರಿಯನ್ನು ತೋರಿದ್ದನು. ತಾಯಿಯ ಗರ್ಭದಲ್ಲಿ ಕರುವಿಗೆ ಈ ರೋಗ ತಗಲುವುದು ವಿರಳವೆಂಬುದೇ ಅವನ ಉಪಾಯಕ್ಕೆ ತಳಹದಿ. ಸೋಂಕಿದ ಹಸುಗಳನ್ನು ಬೇರೆ ಕೊಟ್ಟಿಗೆಯಲ್ಲಿ ಕಟ್ಟಿ, ಅವುಗಳ ಕರುಗಳನ್ನು ಹುಟ್ಟಿದೊಡನೆ ಅಗಲಿಸಿ, ಕಾಯಿಸಿದ ಹಾಲಿನಿಂದಲೇ ಬೆಳೆಸಿ, ಆರೋಗ್ಯವಂತ ದನಗಳನ್ನು ಕಾಲಕಾಲಕ್ಕೆ ಪರೀಕ್ಷಿಸುತ್ತ ಹೋದರೆ, ಹಳೆಯ ರೋಗಿಷ್ಠ ಮಂದೆಯು ತಾನಾಗಿ ಕ್ಷೀಣಿಸಿ ಅದರ ಸಂತತಿಯಿಂದಲೇ ನಿರೋಗಿಯಾದ ಹೊಸ ಮಂದೆಯು ಮೂಡುವುದು.

ಜನಭಾವನೆಯೂ ಬಡ ರೈತನ ಜೀವನಾಧಾರವೂ ವಧೆಗೆ ಅಡ್ಡಬರುವ ನಮ್ಮ ದೇಶಕ್ಕೆ ಬಾಂಗನ ಈ ಮಾರ್ಗವೇ ಹೊಂದತಕ್ಕದ್ದು. ಚಿಕಿತ್ಸೆಯನ್ನು ನೆಚ್ಚುವಂತಿಲ್ಲ: ಔಷಧವನ್ನು ಬಹುಕಾಲ ಕೊಡಬೇಕಾಗುವುದು, ಅದರ ಶೇಷವು ಹಾಲಿಗೆ ಇಳಿಯುವುದು, ಮದ್ದಿಗೆ ಬಗ್ಗದ ದಂಡಾಣುಗಳು ಹುಟ್ಟುವ ಭಯವೂ ಉಂಟು. ಮನುಷ್ಯರಿಗೆ ಕೊಡುವ ಬಿ.ಸಿ.ಜಿ. ಲಸಿಕೆಯನ್ನು ಕಾಲ್ಮೆಟ್ ಮತ್ತು ಗೆರಾನ್ ಎಂಬ ಫ್ರೆಂಚ್ ವಿಜ್ಞಾನಿಗಳು ಈ ಗೋಕ್ಷಯದ ದಂಡಾಣುವಿನಿಂದಲೇ ಸಾಧಿಸಿದರೂ, ಅದನ್ನು ಹಾಕಿದ ದನವೂ ಟ್ಯೂಬರ್ಕ್ಯುಲಿನ್ನಿಗೆ ಕೆರಳುವುದರಿಂದ ರೋಗಿ ಯಾವುದು, ಲಸಿಕೆ ಪಡೆದದ್ದು ಯಾವುದು ಎಂಬುದು ತಿಳಿಯದಾಗುವುದು.

ಹಾಗಾಗಿ ಸಂತೆಯಿಂದ ಹೊಸ ಹಸುವನ್ನು ತರುವ ಗೋಪಾಲಕರು ಅದನ್ನು ನೇರವಾಗಿ ಮಂದೆಗೆ ಸೇರಿಸದೆ, ಬೇರೆಯಾಗಿ ಕಟ್ಟಿ, ಪಶುವೈದ್ಯರಿಂದ ಪರೀಕ್ಷೆ ಮಾಡಿಸಲಿ. ಕೊಟ್ಟಿಗೆಗೆ ಗಾಳಿಬೆಳಕು ಆಡಲಿ. ಕ್ಷಯದಿಂದ ನರಳುವವರು ಗುಣವಾಗುವ ತನಕ ದನಗಳ ಕೆಲಸದಿಂದ ದೂರವಿರಲಿ. ಹಾಲಿನ ಮೂಲಕ ಈ ರೋಗವು ಮನುಷ್ಯರಿಗೂ, ಅದರಲ್ಲಿಯೂ ಮಕ್ಕಳಿಗೆ, ತಗಲುವುದರಿಂದ, ಹಾಲನ್ನು ಚೆನ್ನಾಗಿ ಕುದಿಸದೆ ಯಾರೂ ಕುಡಿಯಕೂಡದು.