140 ಬೈಟಿನ ಬೆಲೆ

ಮೊದಲ ಎಸ್‌ಎಂಎಸ್ ಇಂಗ್ಲೆಂಡಿನಲ್ಲಿ ಮೊಬೈಲಿಗೆ ತಲುಪಿದ್ದು 1992ರ ಡಿಸೆಂಬರ್ 3ರಂದು. ಒಂದು ಎಸ್‌ಎಂಎಸ್‌ನಲ್ಲಿ ಹಿಡಿಸುವುದು 140 ಬೈಟ್, ಅಂದರೆ 1,120 ಬಿಟ್. ಇಂಗ್ಲಿಷ್ ಅಕ್ಷರಕ್ಕೆ 7 ಬಿಟ್ ಸಾಕು. ಆದ್ದರಿಂದ 160 ಅಕ್ಷರ. ಕನ್ನಡಕ್ಕೆ ಸಾಮಾನ್ಯವಾಗಿ 16 ಬಿಟ್ ಬೇಕು. ಆದ್ದರಿಂದ 70 ಸಂಕೇತ ಮಾತ್ರ. ‘ನಮಸ್ಕಾರ’ ನಮ್ಮ ಕಣ್ಣಿಗೆ 4 ಅಕ್ಷರ; ಒತ್ತು, ದೀರ್ಘಗಳೂ ಸೇರಿ ಯಂತ್ರಕ್ಕೆ 7 ಸಂಕೇತ. ಮಿತಿ ಮೀರಿದರೆ ಇನ್ನೊಂದು ಸಂದೇಶದ ಲೆಕ್ಕ. ಸಂದೇಶಕ್ಕಿಷ್ಟೆಂದು ಹಣ ತೆರುತ್ತಿದ್ದ ಕಾಲದಲ್ಲಿ ಅದೇ ಮಾತು ಕನ್ನಡದಲ್ಲಿ ದುಬಾರಿ!

2005ರಲ್ಲಿ ಬ್ಲ್ಯಾಕ್‌ಬೆರಿ ಮೆಸೆಂಜರ್, 2009ರಲ್ಲಿ ವಾಟ್ಸ್‌ಆಪ್ ಬಂದವು. ಇವು ಸಂದೇಶವನ್ನು ಇಂಟರ್‌ನೆಟ್ ಮೂಲಕ ಸಾಗಿಸಿದವು. ಅಲ್ಲಿ ಪ್ರತಿ ಸಂದೇಶಕ್ಕೂ ಬೇರೆ ಶುಲ್ಕವಿಲ್ಲ. ಎಸ್‌ಎಂಎಸ್ ಮಾರುಕಟ್ಟೆ ಕುಗ್ಗಿದ್ದಕ್ಕೆ ಇದೊಂದು ಮುಖ್ಯ ಕಾರಣ. ಹೊಸ ಯಂತ್ರ ಕೈಗೆ ಬಂದಾಗ ನೀವೂ ಕೇಳಿ: ಇದರ ಅಳತೆಗೋಲು ಯಾವ ಭಾಷೆಯದು?