ಊದಿದ ಕಾಲಿಗೆ ಅಳತೆಯ ಉಡುಪು

ಚೆನ್ನೈನ ಬೆಸೆಂಟ್ ನಗರದ ಎಲಿಯಟ್ಸ್ ಬೀಚಿನಲ್ಲಿ ಬೆಳಿಗ್ಗೆ ನಡೆಯಲು ಬರುವವರ ಮೈಮೇಲೆ ಎರಡು ಬಗೆಯ ಬಿಗಿ ಉಡುಪು ಕಾಣುತ್ತದೆ. ಒಂದು, ಓಡುವ ಹುಡುಗರ ಕಂಪ್ರೆಷನ್ ಟೈಟ್ಸ್. ಇನ್ನೊಂದು, ಸೀರೆಯ ಅಂಚಿನಿಂದಲೋ ರವಿಕೆ ತೋಳಿನಿಂದಲೋ ಇಣುಕುವ ಚರ್ಮದ ಬಣ್ಣದ ದಪ್ಪ ಬಟ್ಟೆ. ದುಗ್ಧರಸ ಕಟ್ಟಿಕೊಂಡು ಕೈಯೋ ಕಾಲೋ ಊದಿದವರು ಹಗಲಿಡೀ ತೊಡುವ ಉಡುಪು ಇದು. ಊತಕ್ಕೆ ನಮ್ಮಲ್ಲಿ ಮುಖ್ಯ ಕಾರಣಗಳು ಎರಡು: ಆನೆಕಾಲು ರೋಗ, ಮತ್ತು ಸ್ತನ ಕ್ಯಾನ್ಸರಿಗಾಗಿ ಕಂಕುಳಿನ ದುಗ್ಧಗ್ರಂಥಿಗಳನ್ನು ತೆಗೆದದ್ದು ಅಥವಾ ಅಲ್ಲಿಗೆ ರೇಡಿಯೇಷನ್ ಕೊಟ್ಟದ್ದು.

ರಕ್ತನಾಳಗಳಿಂದ ಜಿನುಗಿದ ನೀರು ಮತ್ತು ಪ್ರೋಟೀನನ್ನು ಮತ್ತೆ ರಕ್ತಕ್ಕೆ ಸೇರಿಸುವುದು ದುಗ್ಧನಾಳಗಳ ಕೆಲಸ. ಇವಕ್ಕೆ ಹೃದಯದಂಥ ಪಂಪು ಇಲ್ಲ. ನಾಳದ ಗೋಡೆ ನಿಮಿಷಕ್ಕೆ ಕೆಲವು ಸಲ ತಾನೇ ಸಂಕುಚಿಸುತ್ತದೆ, ಕವಾಟಗಳು ರಸ ಹಿಂದಕ್ಕೆ ಬರದಂತೆ ತಡೆಯುತ್ತವೆ. ಉಳಿದದ್ದು ಸ್ನಾಯುಗಳ ಚಲನೆ ಮತ್ತು ಉಸಿರಾಟದ ಪಾಲು. ದಾರಿ ಕೆಟ್ಟರೆ ನೀರು ನಿಲ್ಲುತ್ತದೆ. ವರ್ಷಗಟ್ಟಲೆ ನಿಂತರೆ ಚರ್ಮ ಗಟ್ಟಿಯಾಗುತ್ತದೆ.

ಬಿಗಿ ಬಟ್ಟೆ ಈ ನೀರನ್ನು ಟೂತ್‌ಪೇಸ್ಟ್ ಹಿಂಡಿದ ಹಾಗೆ ಮೇಲಕ್ಕೆ ತಳ್ಳುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಹಾಗೇನೂ ಇಲ್ಲ. ಹೊರಗಿನ ಒತ್ತಡದಿಂದ ರಕ್ತನಾಳಗಳ ಜಿನುಗು ಕಡಿಮೆಯಾಗುತ್ತದೆ, ಅದು ಒಂದು. ಇನ್ನೊಂದು, ನಡೆಯುವಾಗ ಉಬ್ಬುವ ಸ್ನಾಯುವಿಗೆ ಬಟ್ಟೆ ತಡೆಗೋಡೆಯಾಗುತ್ತದೆ. ಸ್ನಾಯು ಮತ್ತು ಬಟ್ಟೆಯ ನಡುವೆ ಸಿಕ್ಕ ದುಗ್ಧನಾಳ ಹೆಜ್ಜೆಹೆಜ್ಜೆಗೂ ಒತ್ತಿಸಿಕೊಂಡು ಸಡಿಲವಾಗುತ್ತದೆ. ಈ ಏರಿಳಿತವೇ ರಸವನ್ನು ಸಾಗಿಸುವುದು. ಬಟ್ಟೆ ರಬ್ಬರಿನಂತೆ ಸುಮ್ಮನೆ ಹಿಗ್ಗಿಬಿಟ್ಟರೆ ಏರಿಳಿತ ಹುಟ್ಟುವುದಿಲ್ಲ. ಆದ್ದರಿಂದ ವಿನ್ಯಾಸಕಾರ ಮೊದಲು ನೋಡಬೇಕಾದದ್ದು ಬಟ್ಟೆ ಎಷ್ಟು ಬಿಗಿ ಎಂಬುದಕ್ಕಿಂತ ಎಷ್ಟು ಹಿಗ್ಗದೆ ನಿಲ್ಲುತ್ತದೆ ಎಂಬುದನ್ನು. ಟೈಟ್ಸ್ ಸೋಲುವುದೂ ಇಲ್ಲೇ.

ಒತ್ತಡ ಕೆಳಗೆ ಹೆಚ್ಚು, ಮೇಲೆ ಕಡಿಮೆ ಇರಬೇಕು. ಅಮೆರಿಕದ ಟೊಲೆಡೊದಲ್ಲಿದ್ದ ಎಂಜಿನಿಯರ್ ಕಾನ್ರಾಡ್ ಜೋಬ್ಸ್ಟ್‌ಗೆ ಸ್ವತಃ ಕಾಲಿನ ರಕ್ತನಾಳದ ತೊಂದರೆಯಿತ್ತು. ಈಜುಕೊಳದ ನೀರಿನಲ್ಲಿ ನಿಂತಾಗ ನೋವು ತಗ್ಗುವುದನ್ನು ಅವರು ಗಮನಿಸಿದರು. ಆಳ ಹೆಚ್ಚಿದಂತೆ ನೀರಿನ ಒತ್ತಡವೂ ಹೆಚ್ಚುತ್ತದೆ. ಒಂದು ಮೀಟರ್ ಆಳದಲ್ಲಿ ಅದು ಸುಮಾರು 74 ಮಿ.ಮೀ. ಪಾದರಸ. 1950ರ ಸುಮಾರಿಗೆ ಅವರು ತಯಾರಿಸಿದ ಕಾಲುಚೀಲ ಇದೇ ತತ್ವದ್ದು. (ಎಲಿಯಟ್ಸ್‌ನಲ್ಲಿ ಇದನ್ನು ಪರೀಕ್ಷಿಸಲು ಇಳಿಯಬೇಡಿ. ದಡದ ಬಿಳಿ ಸ್ಮಾರಕ 1930ರಲ್ಲಿ ಮುಳುಗುತ್ತಿದ್ದವರನ್ನು ಉಳಿಸಲು ಹೋಗಿ ತೀರಿಕೊಂಡ ಡೆನ್ಮಾರ್ಕಿನ ಕಾರ್ಲ್ ಶ್ಮಿಟ್‌ನದು.)

ಬಟ್ಟೆಯ ಒತ್ತಡದ ಹಿಂದಿನ ಲೆಕ್ಕ ಲಾಪ್ಲಾಸ್ ನಿಯಮ. ಒಂದೇ ಎಳೆತದಲ್ಲಿ ಸುತ್ತಿದ ಬಟ್ಟೆ ಸಣ್ಣ ಸುತ್ತಳತೆಯ ಮೇಲೆ ಹೆಚ್ಚು ಒತ್ತುತ್ತದೆ. 22 ಸೆಂ.ಮೀ. ಇರುವ ಪಾದದ ಗಂಟಿನ ಮೇಲೆ 30 ಮಿ.ಮೀ. ಬಿದ್ದರೆ, ಅದೇ ಎಳೆತ 36 ಸೆಂ.ಮೀ. ಮೀನಖಂಡದ ಮೇಲೆ ಸುಮಾರು 18 ಆಗುತ್ತದೆ. ಸಹಜವಾದ ಕಾಲಿನಲ್ಲಿ ಕೆಳಗೆ ಹೆಚ್ಚು, ಮೇಲೆ ಕಡಿಮೆ ಒತ್ತಡ ಹೀಗೆ ತಾನಾಗಿ ಒದಗುತ್ತದೆ. ಊದಿದ ಕಾಲಿನಲ್ಲಿ ಪಾದದ ಗಂಟು ಮೀನಖಂಡದಷ್ಟೇ ದಪ್ಪವಾಗಿ ಲೆಕ್ಕ ತಲೆಕೆಳಗಾಗುತ್ತದೆ. ಜೊತೆಗೆ ಮೊಳಕಾಲಿನ ಕೆಳಗಿನ ಎಲುಬಿನ ಏಣು ಚೂಪಾದ್ದರಿಂದ ಅಲ್ಲಿ ಒತ್ತಡ ಅತಿಯಾಗುತ್ತದೆ, ಗಂಟಿನ ಹಿಂದಿನ ಕುಳಿಯಲ್ಲಿ ಏನೂ ಇರುವುದಿಲ್ಲ. ಏಣಿನ ಮೇಲೆ ಹತ್ತಿ, ಕುಳಿಯಲ್ಲಿ ಫೋಮ್ ತುಂಡು ಇಟ್ಟು ಕಾಲನ್ನು ದುಂಡಗೆ ಮಾಡಿಕೊಂಡ ಮೇಲೇ ಬ್ಯಾಂಡೇಜ್ ಸುತ್ತುವುದು.

ಊತ ಇಳಿಸುವುದು ಬ್ಯಾಂಡೇಜ್. ಇಳಿದದ್ದನ್ನು ಹಿಡಿದಿಡುವುದು ಉಡುಪು. ಈ ಇಳಿಸುವ ಕೆಲಸವನ್ನು ನಮ್ಮ ಹವೆಗೆ, ನಮ್ಮ ಜೇಬಿಗೆ ಒಗ್ಗಿಸಿದ್ದು ಕಾಸರಗೋಡಿನ ಇನ್‌ಸ್ಟಿಟ್ಯೂಟ್ ಆಫ್ ಅಪ್ಲೈಡ್ ಡರ್ಮಟಾಲಜಿ. ಡಾ. ಎಸ್.ಆರ್. ನರಹರಿ ಮತ್ತು ಸಂಗಡಿಗರು ಆಕ್ಸ್‌ಫರ್ಡಿನ ಚರ್ಮವೈದ್ಯ ಟೆರೆನ್ಸ್ ರಯಾನ್ ಅವರ ಒಡನಾಟದಲ್ಲಿ ಆನೆಕಾಲಿಗೆ ರೂಪಿಸಿದ ಕ್ರಮದಲ್ಲಿ ಸೋಪಿನಿಂದ ಕಾಲು ತೊಳೆಯುವುದು, ಆಯುರ್ವೇದದ ಕಷಾಯದಲ್ಲಿ ನೆನೆಸುವುದು, ಎಣ್ಣೆ ತಿಕ್ಕುವುದು, ಯೋಗ, ಉಸಿರಾಟ, ಬ್ಯಾಂಡೇಜ್ ಎಲ್ಲವೂ ಇವೆ. ಆಲಪ್ಪುಳ ಮತ್ತು ಕಲಬುರಗಿ ಜಿಲ್ಲೆಗಳ ಹಳ್ಳಿಗಳಲ್ಲಿ ರೋಗಿಗಳೇ ಮನೆಯಲ್ಲಿ ಇದನ್ನು ಮಾಡಿಕೊಂಡ ವರದಿ 2013ರಲ್ಲಿ ಬಂತು. ನನ್ನ ಮಟ್ಟಿಗೆ ಇದರ ಜಾಣತನ ಇರುವುದು ಚರ್ಮವನ್ನು ಮೊದಲಿಗೆ ಇಟ್ಟದ್ದರಲ್ಲಿ. ಬೆರಳ ಸಂದಿಯ ಒಂದು ಬಿರುಕಿನಿಂದ ಸೋಂಕು ಒಳಹೊಕ್ಕರೆ ಜ್ವರ ಬಂದು ಊತ ಮತ್ತೆ ಏರುತ್ತದೆ. ಆಮೇಲೆ ಎಷ್ಟು ಒಳ್ಳೆಯ ಉಡುಪಿದ್ದರೂ ದಂಡ.

ಊತ ಇಳಿದ ಮೇಲೆ, ಬೆಳಿಗ್ಗೆಯೇ, ಅಳತೆ ತೆಗೆಯಬೇಕು. ಪಾದದ ಗಂಟಿನ ಮೇಲೆ ಅತಿ ಸಣ್ಣ ಜಾಗ ‘ಬಿ’, ಮೀನಖಂಡದ ಅತಿ ದಪ್ಪ ಜಾಗ ‘ಸಿ’, ಮೊಳಕಾಲಿನ ಕೆಳಗೆ ‘ಡಿ’. ಪ್ರತಿಯೊಂದರ ಸುತ್ತಳತೆ, ಜೊತೆಗೆ ನೆಲದಿಂದ ಅದರ ಎತ್ತರ. ಅಂಗಡಿಯ ಕಾಲುಚೀಲ ಸಾಮಾನ್ಯವಾಗಿ ಸರ್ಕ್ಯುಲರ್ ನಿಟ್: ಕೊಳವೆಯಂತೆ ಹೆಣೆದದ್ದು, ಸೂಜಿಗಳ ಸಂಖ್ಯೆ ಮೇಲಿಂದ ಕೆಳಗೆ ಒಂದೇ. ತೆಳು, ನಯ, ಅಗ್ಗ. ಆದರೆ ಮಡಿಕೆ ಬಿದ್ದ ಊತದ ಮೇಲೆ ಸುರುಟಿ ಕಚ್ಚುತ್ತದೆ. ಫ್ಲಾಟ್ ನಿಟ್‌ನಲ್ಲಿ ಸಾಲುಸಾಲಿಗೂ ಸೂಜಿ ಹೆಚ್ಚಿಸಿ ಇಳಿಸಿ ಕಾಲಿನ ಆಕಾರಕ್ಕೇ ಹೆಣೆದು, ಹಿಂದೆ ಹೊಲಿಗೆ ಹಾಕುತ್ತಾರೆ. ಒರಟು, ದಪ್ಪ, ದುಬಾರಿ. ಆದರೆ ಮಡಿಕೆಯೊಳಗೆ ಹೊಗದೆ ಮೇಲೆ ಹಾಯುತ್ತದೆ. ಒತ್ತಡ ಕೊಡುವುದು ಕುಣಿಕೆಗಳ ನಡುವೆ ನೇರವಾಗಿ ಹಾಯಿಸಿದ, ನೈಲಾನ್ ಸುತ್ತಿದ ಎಲಾಸ್ಟೇನ್ ದಾರ. ತೋಳಿಗಾದರೆ ಅಂಗೈಗೂ ಹೊದಿಕೆ ಬೇಕಾಗಬಹುದು, ಇಲ್ಲದಿದ್ದರೆ ನೀರು ಕೈಬೆರಳಿಗೆ ಇಳಿಯುತ್ತದೆ.

ಪೊಟ್ಟಣದ ಮೇಲೆ ಒತ್ತಡದ ದರ್ಜೆ ಸೂಚಿಸುವ ‘ಕ್ಲಾಸ್ 2’ ಅನ್ನು ನಂಬಬೇಡಿ. ಜರ್ಮನ್ ಮಾನದಂಡದಲ್ಲಿ ಅದು 23ರಿಂದ 32 ಮಿ.ಮೀ., ಬ್ರಿಟಿಷ್ ಮಾನದಂಡದಲ್ಲಿ 18ರಿಂದ 24. ಅಂಕಿಯನ್ನೇ ಕೇಳಿ.

ಚೆನ್ನೈನ ಮೇ ತಿಂಗಳಲ್ಲಿ ಇದನ್ನು ತೊಡುವುದು ಶಿಕ್ಷೆಯೇ. ಹೆಚ್ಚು ಒತ್ತಡದ್ದನ್ನು ಬರೆದುಕೊಟ್ಟು ಅದು ಬೀರುವಿನಲ್ಲಿ ಕೊಳೆಯುವುದಕ್ಕಿಂತ ಒಂದು ಮೆಟ್ಟಿಲು ಕಡಿಮೆಯದ್ದನ್ನು ದಿನಾ ಹಾಕಿಕೊಳ್ಳುವುದು ಮೇಲು. ವೈದ್ಯರೊಂದಿಗೆ ಈ ಚೌಕಾಸಿ ಮಾಡಲು ಸಂಕೋಚ ಬೇಡ. ರಬ್ಬರ್ ಗ್ಲೌಸ್ ಹಾಕಿಕೊಂಡರೆ ಉಡುಪು ಸುಲಭವಾಗಿ ಏರುತ್ತದೆ, ಉಗುರು ತಾಗಿ ದಾರ ಕೀಳುವುದಿಲ್ಲ. ಬೆವರು ಮತ್ತು ಎಣ್ಣೆ ಎಲಾಸ್ಟೇನನ್ನು ತಿನ್ನುವುದರಿಂದ ದಿನಾ ಒಗೆಯಬೇಕು. ಹಿಂಡಬಾರದು, ನೆರಳಲ್ಲಿ ಒಣಗಿಸಬೇಕು. ಹಾಗಾಗಿ ಎರಡು ಜೊತೆ ಬೇಕು, ಸುಮಾರು ಆರು ತಿಂಗಳಿಗೊಮ್ಮೆ ಬದಲಿಸಬೇಕು.

ಕಾಲಿಗೆ ರಕ್ತ ಸರಿಯಾಗಿ ಹೋಗದವರು, ಹೃದಯದ ತೊಂದರೆಯಿರುವವರು, ಸಕ್ಕರೆ ಕಾಯಿಲೆಯಿಂದ ಪಾದ ಜೋಮುಗಟ್ಟಿದವರು ಪರೀಕ್ಷೆಯಿಲ್ಲದೆ ಇದನ್ನು ತೊಡಬಾರದು. ಬೆರಳು ನೀಲಿಯಾದರೆ, ಮರಗಟ್ಟಿದರೆ ತಕ್ಷಣ ಬಿಚ್ಚಿ. ಚರ್ಮ ಕೆಂಪಾಗಿ ಬಿಸಿಯಾಗಿ ಚಳಿಜ್ವರ ಬಂದರೆ ಅದೇ ದಿನ ವೈದ್ಯರನ್ನು ಕಾಣಿ. ಜ್ವರ ಇಳಿದ ಮೇಲೆ ಕಾಲಿನ ಆಕಾರ ಬದಲಾಗಿದ್ದರೆ ಹಳೆಯ ಉಡುಪನ್ನು ಬಲವಂತವಾಗಿ ಏರಿಸದೆ, ಮತ್ತೆ ಬ್ಯಾಂಡೇಜಿನಿಂದ ಊತ ಇಳಿಸಿ ಹೊಸದಾಗಿ ಅಳತೆ ಕೊಡಿ.