ಹಿತ್ತಲ ಗಿಡವೂ ಮದ್ದಾದೀತು

ಚಿಂತಾಮಣಿಯಿಂದ ಮುರುಗಮಲ್ಲದ ದಾರಿ ಹಿಡಿದ ಯಾತ್ರಿಕನಿಗೆ ಎಡಬಲದಲ್ಲಿ ಕಾಣುವುದು ಬಂಡೆಗಳ ಸಾಲು. ಅಮ್ಮಾಜಾನ್ ಬಾವಾಜಾನ್ ದರ್ಗಾಕ್ಕೆ ಹರಕೆ ಹೊತ್ತು ಬರುವವರಲ್ಲಿ ಹಿಂದೂಗಳೂ ಇದ್ದಾರೆ, ಮುಸಲ್ಮಾನರೂ ಇದ್ದಾರೆ. ಅದೇ ಊರಿನಲ್ಲಿ ಮುಕ್ತೀಶ್ವರನ ಗುಡಿಯೂ ಉಂಟು. ಈ ಸೀಮೆಯಲ್ಲಿ ವರ್ಷವಿಡೀ ಹರಿಯುವ ಹೊಳೆಯಿಲ್ಲ. ಆದರೆ ಕಲ್ಲಿಗೆ ಬರವಿಲ್ಲ. ಹಳೆಯ ಮನೆಗಳಿಗೆ ಗೋಡೆ ಕಲ್ಲು, ಕಂಬ ಕಲ್ಲು, ಹೊದಿಕೆಯ ಚಪ್ಪಡಿಯೂ ಕಲ್ಲು. ಮನೆ ಕಟ್ಟುವವನು ಸಾಮಗ್ರಿ ಎಲ್ಲಿಯದೆಂದು ಯೋಚಿಸುತ್ತಲೇ ಇರಲಿಲ್ಲ. ಕಾಲ ಕೆಳಗೆ ಇದ್ದುದನ್ನೇ ಎತ್ತಿ ನಿಲ್ಲಿಸುತ್ತಿದ್ದನು.

ಇಂಥ ಊರಿನಲ್ಲಿ ಇಂದು ಸರ್ಕಾರದ ಶಾಲೆಯೊಂದು ಏಳಬೇಕೆಂದು ಭಾವಿಸೋಣ. ಅದರ ಉಕ್ಕಿನ ಕಂಬಿ ಯಾವ ದೇಶದ ಕುಲುಮೆಯಿಂದ ಬರಬೇಕು? ಕೊಳಾಯಿಯ ಕೊಳವೆ, ಕಿಟಕಿಯ ಗಾಜು, ನೆಲದ ಹಾಸು ಎಲ್ಲಿ ತಯಾರಾಗಿರಬೇಕು? ಖರ್ಚಾಗುವುದು ಪ್ರಜೆಗಳು ತೆತ್ತ ತೆರಿಗೆಯ ಹಣ. ಆ ಹಣ ನಾಡಿನ ಕಾರ್ಖಾನೆಗೆ, ನಾಡಿನ ಕೂಲಿಗೆ ಸೇರಲೆಂಬುದು ಸಹಜವಾದ ಬಯಕೆ. ಕಟ್ಟಡ ಗಟ್ಟಿಯಾಗಿರಲಿ, ಖರ್ಚು ಮಿತಿ ಮೀರದಿರಲಿ ಎಂಬುದೂ ಅಷ್ಟೇ ನ್ಯಾಯವಾದ ಬಯಕೆ. ಈ ಎರಡು ಬಯಕೆಗಳು ಒಂದಕ್ಕೊಂದು ಹೊಂದಿಕೊಳ್ಳುವುದೆಂತು? ಅದಕ್ಕೆ ಉತ್ತರವನ್ನು ದೂರ ಹುಡುಕಬೇಕಾಗಿಲ್ಲ. ಇದೇ ಚಿಕ್ಕಬಳ್ಳಾಪುರ ಜಿಲ್ಲೆಯ ಮುದ್ದೇನಹಳ್ಳಿಯಲ್ಲಿ ಹುಟ್ಟಿ, ನೂರು ವರ್ಷ ದಾಟಿ ಬಾಳಿ, 1962ರಲ್ಲಿ ತೀರಿಕೊಂಡ ಸರ್ ಎಂ. ವಿಶ್ವೇಶ್ವರಯ್ಯನವರ ಜೀವನದಲ್ಲಿಯೇ ಅದು ದೊರೆಯುತ್ತದೆ.

ಸುಣ್ಣ, ಸುರ್ಕಿ, ಸಹನೆ

1911ರಲ್ಲಿ ಮೈಸೂರು ಸಂಸ್ಥಾನವು ಕಣ್ಣಂಬಾಡಿಯ ಬಳಿ ಕಾವೇರಿಗೆ ಅಣೆಕಟ್ಟು ಕಟ್ಟಲು ಕೈಹಾಕಿದಾಗ ವಿಶ್ವೇಶ್ವರಯ್ಯನವರು ಸಂಸ್ಥಾನದ ಮುಖ್ಯ ಇಂಜಿನಿಯರಾಗಿದ್ದರು, ಮರುವರ್ಷವೇ ದಿವಾನರಾದರು. ಕಟ್ಟೆಯ ಉದ್ದ ಸುಮಾರು 8,600 ಅಡಿ, ಎತ್ತರ ಸುಮಾರು 130 ಅಡಿ. ಇಷ್ಟು ದೊಡ್ಡ ಕೆಲಸಕ್ಕೆ ಬೇಕಾದ ಸಿಮೆಂಟು ಆಗ ಭಾರತದಲ್ಲಿ ಸಿಕ್ಕುವಂತಿರಲಿಲ್ಲ. ಪೋರಬಂದರಿನಲ್ಲಿ ಸಿಮೆಂಟಿನ ತಯಾರಿಕೆ ಊರ್ಜಿತಕ್ಕೆ ಬಂದುದೇ 1914ರಲ್ಲಿ. ಹಡಗಿನಲ್ಲಿ ತರಿಸೋಣವೆಂದರೆ ಸಂಸ್ಥಾನದ ಬೊಕ್ಕಸಕ್ಕೆ ಅದು ತಾಳಲಾರದ ಹೊರೆ.

ಆಗ ಇಂಜಿನಿಯರುಗಳು ನೆಚ್ಚಿದ್ದು ನಮ್ಮ ಗಾರೆ ಕೆಲಸದವರು ತಲೆತಲಾಂತರದಿಂದ ಬಲ್ಲ ಸುರ್ಕಿಯನ್ನು. ಸುರ್ಕಿಯೆಂದರೆ ಸುಟ್ಟ ಇಟ್ಟಿಗೆಯ ಅಥವಾ ಸುಟ್ಟ ಜೇಡಿಮಣ್ಣಿನ ನುಣ್ಣನೆಯ ಪುಡಿ. ಬರಿಯ ಸುಣ್ಣದ ಗಾರೆ ಗಟ್ಟಿಯಾಗಲು ಗಾಳಿಯ ಸಂಪರ್ಕ ಬೇಕು. ನೀರಿನೊಳಗೆ ಅದು ನಿಲ್ಲಲಾರದು. ಆದರೆ ಹದವಾಗಿ ಸುಟ್ಟ ಜೇಡಿಮಣ್ಣಿನಲ್ಲಿರುವ ಸಿಲಿಕಾ ಮತ್ತು ಅಲ್ಯೂಮಿನಾಗಳು ತೇವದಲ್ಲಿ ಸುಣ್ಣದೊಡನೆ ಬೆರೆತು, ನೀರಿಗೂ ಜಗ್ಗದ ಬಂಧವಾಗಿ ಮಾರ್ಪಡುತ್ತವೆ. ಪ್ರಾಚೀನ ರೋಮಿನವರು ಜ್ವಾಲಾಮುಖಿಯ ಬೂದಿಯಿಂದ ಪಡೆದ ಗುಣವನ್ನು ನಮ್ಮವರು ಇಟ್ಟಿಗೆಯ ಗೂಡಿನಿಂದ ಪಡೆದರು.

ಇದರಲ್ಲಿ ಒಂದು ಸೂಕ್ಷ್ಮವಿದೆ. ಮಣ್ಣು ಕಡಿಮೆ ಬೆಂದರೆ ಅದು ಬರಿಯ ಮಣ್ಣೇ. ಹೆಚ್ಚು ಬೆಂದರೆ ಗಾಜಿನಂತಾಗಿ ಸುಣ್ಣದೊಡನೆ ಕೂಡುವುದಿಲ್ಲ. ಪುಡಿ ನುಣುಪಾಗಿರಬೇಕು, ಗಾರೆಯನ್ನು ಚೆನ್ನಾಗಿ ಅರೆಯಬೇಕು, ಕಟ್ಟಿದ ಮೇಲೆ ಅದು ಬಲಿಯುವ ತನಕ ಕಾಯಬೇಕು. ಸಿಮೆಂಟಿನ ಅವಸರ ಸುರ್ಕಿಗೆ ಒಗ್ಗದು. ಅಂದರೆ ಕಣ್ಣಂಬಾಡಿಯನ್ನು ನಿಲ್ಲಿಸಿದ್ದು ‘ನಮ್ಮ ಮಣ್ಣು’ ಎಂಬ ಅಭಿಮಾನವೊಂದೇ ಅಲ್ಲ. ಆ ಮಣ್ಣನ್ನು ಹದಕ್ಕೆ ತಂದ ಶ್ರದ್ಧೆ. 1931ರಲ್ಲಿ ಕೆಲಸ ಮುಗಿದ ಆ ಕಟ್ಟೆ, ತೊಂಬತ್ತು ವರ್ಷಗಳು ಕಳೆದ ಮೇಲೂ ಮಂಡ್ಯದ ಗದ್ದೆಗಳಿಗೆ ನೀರುಣಿಸುತ್ತಿದೆ.

ಇದರಿಂದ ಮೈಸೂರಿನವರು ಪರದೇಶದ ವಸ್ತುವನ್ನು ಮುಟ್ಟಲಿಲ್ಲವೆಂದು ತಿಳಿಯಬಾರದು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿದಾಗ ಅದನ್ನು ಉತ್ಪಾದಿಸಿದ ಯಂತ್ರಗಳು ಹೊರದೇಶದವು. ಇಲ್ಲದ್ದನ್ನು ತರಿಸಿದರು, ಇದ್ದುದನ್ನು ಬಿಡಲಿಲ್ಲ. ವಿವೇಕವೆಂಬುದು ಇದೇ.

ಕೊಳ್ಳುವವನೇ ಬೆಳೆಸುವವನು

ಇದ್ದುದನ್ನು ಬಳಸುವುದು ಒಂದು ಹೆಜ್ಜೆ. ಇಲ್ಲದ್ದನ್ನು ನಾಡಿನಲ್ಲಿಯೇ ಮಾಡುವುದು ಮುಂದಿನ ಹೆಜ್ಜೆ. 1923ರ ಜನವರಿಯಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಕೆಲಸಕ್ಕೆ ತೊಡಗಿತು. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಮರದ ಇದ್ದಿಲು. ಆದರೆ ಮಹಾಯುದ್ಧ ಮುಗಿದ ಮೇಲೆ ಕಬ್ಬಿಣದ ಬೆಲೆ ಕುಸಿಯಿತು; ಕಾರ್ಖಾನೆ ಸಂಸ್ಥಾನಕ್ಕೆ ಭಾರವಾಯಿತೆಂಬ ಟೀಕೆ ಎದ್ದಿತು. ದಿವಾನಗಿರಿ ಬಿಟ್ಟು ಬಂದಿದ್ದ ವಿಶ್ವೇಶ್ವರಯ್ಯನವರು ಅದರ ಆಡಳಿತ ಮಂಡಲಿಯ ಅಧ್ಯಕ್ಷರಾಗಿ 1929ರವರೆಗೆ ದುಡಿದು ಅದನ್ನು ದಡ ಸೇರಿಸಿದರು. 1930ರ ದಶಕ ಮುಗಿಯುವ ಹೊತ್ತಿಗೆ ಅಲ್ಲಿ ಉಕ್ಕೂ ತಯಾರಾಗುತ್ತಿತ್ತು, ಸಿಮೆಂಟೂ ತಯಾರಾಗುತ್ತಿತ್ತು. ಕಣ್ಣಂಬಾಡಿಯ ಕಾಲಕ್ಕೆ ಸಿಕ್ಕದಿದ್ದ ವಸ್ತು ಮೈಸೂರು ಸೀಮೆಯಲ್ಲಿಯೇ ಚೀಲಕ್ಕೆ ಬಿದ್ದಿತು.

ಹೊಸ ಕಾರ್ಖಾನೆ ಎಳೆಯ ಸಸಿಯಂತೆ. ಮೊದಲ ಕೆಲವು ವರ್ಷ ಅದಕ್ಕೆ ಖಚಿತವಾದ ಗಿರಾಕಿ ಬೇಕು. ಸೇತುವೆ, ರಸ್ತೆ, ಆಸ್ಪತ್ರೆಗಳನ್ನು ಕಟ್ಟುವ ಸರ್ಕಾರಕ್ಕಿಂತ ದೊಡ್ಡ ಗಿರಾಕಿ ಯಾವನು? ಶ್ರೀಮಂತ ದೇಶಗಳೂ ಈ ಲೆಕ್ಕವನ್ನು ಅರಿತಿವೆ. ಅಮೆರಿಕದಲ್ಲಿ ಸರ್ಕಾರವು ಸ್ವದೇಶದ ವಸ್ತುಗಳನ್ನೇ ಕೊಳ್ಳಬೇಕೆಂಬ ಶಾಸನಕ್ಕೆ ಅಧ್ಯಕ್ಷ ಹೂವರ್ ಸಹಿ ಹಾಕಿದ್ದು 1933ರ ಮಾರ್ಚಿಯಲ್ಲಿ, ಆರ್ಥಿಕ ಮುಗ್ಗಟ್ಟಿನ ನಡುವೆ. 2021ರಲ್ಲಿ ಆ ದೇಶ, ಒಕ್ಕೂಟ ಸರ್ಕಾರದ ನೆರವಿನಿಂದ ನಡೆಯುವ ಕಾಮಗಾರಿಗಳ ಕಬ್ಬಿಣ, ಉಕ್ಕು, ಕಟ್ಟಡ ಸಾಮಗ್ರಿಗಳಿಗೂ ಇಂಥದೇ ಕಟ್ಟಳೆ ವಿಧಿಸಿತು. ಆದರೆ ಸ್ವದೇಶದ ವಸ್ತುವಿನಿಂದ ಇಡೀ ಕಾಮಗಾರಿಯ ಖರ್ಚು ಶೇಕಡ 25ಕ್ಕಿಂತ ಹೆಚ್ಚುವುದಾದರೆ ವಿನಾಯಿತಿ ಕೇಳಬಹುದೆಂದು ಬಾಗಿಲನ್ನೂ ತೆರೆದಿಟ್ಟಿತು.

ಭಾರತ ಸರ್ಕಾರದ ಆದೇಶ ಹೊರಟದ್ದು 2017ರ ಜೂನಿನಲ್ಲಿ. 2020ರ ತಿದ್ದುಪಡಿಯಂತೆ, ಒದಗಿಸುವ ವಸ್ತುವಿನ ಮೌಲ್ಯದಲ್ಲಿ ಕನಿಷ್ಠ ಶೇಕಡ 50 ಭಾಗ ಸ್ವದೇಶದಲ್ಲಿಯೇ ಸೇರಿದ್ದರೆ ಅವನು ಮೊದಲ ದರ್ಜೆಯ ಸ್ಥಳೀಯ ಪೂರೈಕೆದಾರ. 20ರಿಂದ 50ರೊಳಗಿದ್ದರೆ ಎರಡನೆಯ ದರ್ಜೆ. ಟೆಂಡರಿನಲ್ಲಿ ಬೇರೊಬ್ಬನ ದರ ಅತಿ ಕಡಿಮೆಯಾಗಿದ್ದರೂ, ಮೊದಲ ದರ್ಜೆಯವನ ದರ ಅದಕ್ಕಿಂತ ಶೇಕಡ 20ರೊಳಗೆ ಹೆಚ್ಚಿದ್ದರೆ, ಆ ಕಡಿಮೆ ದರಕ್ಕೇ ಒದಗಿಸಲು ಇವನಿಗೊಂದು ಅವಕಾಶ. ನಾಡಿನದೆಂಬ ಕಾರಣಕ್ಕೆ ಹೆಚ್ಚು ಬೆಲೆ ತೆರಬೇಕೆಂದು ನಿಯಮ ಹೇಳುವುದಿಲ್ಲ. ನಾಡಿನವನಿಗೆ ಇನ್ನೊಮ್ಮೆ ಬಾಗಿಲು ತೆರೆಯುತ್ತದೆ, ಅಷ್ಟೆ. ಅದೇ 2017ರಲ್ಲಿ ಸ್ವದೇಶದ ಉಕ್ಕಿಗೆ ಆದ್ಯತೆ ಕೊಡುವ ಪ್ರತ್ಯೇಕ ನೀತಿಯೂ ಬಂದಿತು.

ಕಾಗದಕ್ಕೆ ಸಿಕ್ಕದ ಲೆಕ್ಕ

ನಿಯಮ ಒಳ್ಳೆಯದೇ. ಆದರೆ ಸ್ವದೇಶದ ಪಾಲು ಇಷ್ಟೆಂದು ಬಹುಮಟ್ಟಿಗೆ ಮಾರುವವನೇ ಬರೆದುಕೊಡುತ್ತಾನೆ. ದೊಡ್ಡ ಮೊತ್ತದ ಖರೀದಿಗೆ ಮಾತ್ರ ಲೆಕ್ಕ ಪರಿಶೋಧಕರ ಪ್ರಮಾಣಪತ್ರ ಬೇಕು. ಕಂಬಿ ಎಲ್ಲಿಯದೆಂದು ಕಾಗದ ಹೇಳೀತು. ಎಷ್ಟು ಗಟ್ಟಿಯೆಂದು ಪರೀಕ್ಷೆಯೇ ಹೇಳಬೇಕು. ಪರೀಕ್ಷೆಯಿಲ್ಲದ ಆದ್ಯತೆ ಜಾಣ ಕಸುಬುದಾರನಿಗೆ ನೆರವಾಗುವುದಕ್ಕಿಂತ ಸೋಮಾರಿಗೆ ಆಸರೆಯಾಗುವುದೇ ಹೆಚ್ಚು. ಆಗ ನಷ್ಟಪಡುವವರು ಆ ಸೂರಿನ ಕೆಳಗೆ ಕುಳಿತು ಓದುವ ಮಕ್ಕಳು.

ಆದ್ಯತೆಯ ನೀತಿಯಿದ್ದ ಮಾತ್ರಕ್ಕೆ ಕಾರ್ಖಾನೆ ಉಳಿಯುವುದೆಂಬ ಭರವಸೆಯೂ ಇಲ್ಲ. ವಿಶ್ವೇಶ್ವರಯ್ಯನವರ ಹೆಸರನ್ನೇ ಹೊತ್ತ ಭದ್ರಾವತಿಯ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ 2023ರ ಜನವರಿಯಲ್ಲಿ ಪ್ರಕಟವಾಯಿತು. ಕಾರ್ಮಿಕರು ಬೀದಿಗಿಳಿದರು, ಅದೇ ಆಗಸ್ಟಿನಲ್ಲಿ ಕೆಲವು ವಿಭಾಗಗಳಲ್ಲಿ ಕೆಲಸ ಮರಳಿ ತೊಡಗಿತು. ಬದಲಾಗುತ್ತಿರುವ ಕಾಲಕ್ಕೆ ತಕ್ಕ ಯಂತ್ರ, ಬಂಡವಾಳ, ಅದಿರು ಇಲ್ಲದ ಕುಲುಮೆಯನ್ನು ಅಭಿಮಾನವೊಂದೇ ಉರಿಸಲಾರದು.

ಇನ್ನೊಂದು ಲೆಕ್ಕವುಂಟು, ಅದು ಮುರುಗಮಲ್ಲದ ಸೀಮೆಗೆ ತೀರ ಹತ್ತಿರದ್ದು. 2021ರ ಫೆಬ್ರವರಿಯಲ್ಲಿ ಇದೇ ಜಿಲ್ಲೆಯ ಹಿರೇನಾಗವಲ್ಲಿಯ ಬಳಿ, ಕಲ್ಲು ಗಣಿಗಾರಿಕೆಗೆಂದು ತಂದಿದ್ದ ಜಿಲೆಟಿನ್ ಕಡ್ಡಿಗಳು ಸಿಡಿದು ಆರು ಮಂದಿ ಸತ್ತರು. ನಾವು ‘ನಾಡಿನ ಕಲ್ಲು’ ಎಂದು ಹೆಮ್ಮೆಯಿಂದ ಕರೆಯುವ ವಸ್ತುವಿನ ಹಿಂದೆ ಇಂಥ ಜೀವಗಳಿವೆ. ಭದ್ರಾವತಿಯ ಇದ್ದಿಲಿನ ಹಿಂದೆಯೂ ಮಲೆನಾಡಿನ ಕಾಡು ಇತ್ತು. ಸಾಮಗ್ರಿ ಸ್ವದೇಶದ್ದೆನ್ನುವ ಸರ್ಕಾರ, ಅದನ್ನು ಒಡೆದವನಿಗೆ ಕೂಲಿ ಸರಿಯಾಗಿ ಸಂದಿತೇ, ಅವನು ಸಂಜೆಗೆ ಮನೆ ಸೇರಿದನೇ ಎಂಬುದನ್ನೂ ಕೇಳಬೇಡವೇ? ಹೊರದೇಶದ ಗಣಿಯನ್ನು ನಾವು ನೋಡಲಾರೆವು. ನಮ್ಮ ಗಣಿಯನ್ನು ನೋಡದಿರುವುದಕ್ಕೆ ನೆಪವಿಲ್ಲ.

‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆಯನ್ನು ನಮ್ಮ ಹಿರಿಯರು ಕಟ್ಟಿದ್ದು ಕೈಗೆ ಸಿಕ್ಕುವುದನ್ನು ಕಡೆಗಣಿಸುವ ನಮ್ಮ ಸ್ವಭಾವವನ್ನು ಹಳಿಯಲೆಂದೇ. ಹಿತ್ತಲಲ್ಲಿ ಬೆಳೆದುದೆಲ್ಲ ಮದ್ದೆಂದು ಅರೆದು ಕುಡಿಸಿದರೂ ರೋಗಿಗೆ ಕೇಡೇ. ಗಿಡವನ್ನು ಗುರುತಿಸಿ, ಹದವರಿತು, ಅಳತೆಯಲ್ಲಿ ಕೊಡುವವನು ವೈದ್ಯ. ಕಣ್ಣಂಬಾಡಿಯ ಇಂಜಿನಿಯರುಗಳು ಮಣ್ಣಿನ ವಿಷಯದಲ್ಲಿ ಅಂಥ ವೈದ್ಯರಾಗಿದ್ದರು. ಮುರುಗಮಲ್ಲದಂಥ ಊರುಗಳಲ್ಲಿ ನಾಳೆ ಏಳುವ ಶಾಲೆಯ ಗೋಡೆಗೆ ನಮ್ಮ ಕಲ್ಲೇ ಬರಲಿ, ನಮ್ಮ ಉಕ್ಕೇ ಬರಲಿ; ಬರುವ ಮೊದಲು ಅದು ಪರೀಕ್ಷೆಯ ಒರೆಗಲ್ಲನ್ನು ದಾಟಿ ಬರಲಿ.